ಪೈಪು ಕಿತ್ತರೆ ಆವಿ ಎಲ್ಲಿಗೆ ಹೋಗಬೇಕು?

ನಮ್ಮ ಮಾವನ ಹತ್ತಿರ ಒಂದು ಹಳೇ ಪ್ರೀಮಿಯರ್ ಪದ್ಮಿನಿ ಇದೆ. ಇಲ್ಲೇ ಕುರ್ಲಾದ ಕಾರ್ಖಾನೆಯಲ್ಲಿ ತಯಾರಾದ ಕಾರು. ಮುಂಬಯಿಯ ಕಾಲಿ-ಪೀಲಿ ಟ್ಯಾಕ್ಸಿಗಳಲ್ಲಿ ಪದ್ಮಿನಿಯ ಕಾಲ 2023ರ ಅಕ್ಟೋಬರಿಗೆ ಮುಗಿಯಿತು. ಆಮೇಲೆ ಮಾವನಿಗೆ ಆ ಕಾರಿನ ಮೇಲೆ ಮೋಹ ಇನ್ನೂ ಜಾಸ್ತಿಯಾಯಿತು. ಓಟ ಸಾಲದು ಅಂತ ದೊಡ್ಡ ಕಾರ್ಬ್ಯುರೇಟರ್ ಹಾಕಿಸಿದರು. ಹಳೇ ಟ್ಯಾಂಕು ತುಕ್ಕು ಹಿಡಿದಿದೆ ಅಂತ ಡಿಕ್ಕಿಯೊಳಗೆ ಬೇರೆ ಟ್ಯಾಂಕು ಕೂರಿಸಿದರು. ಗ್ಯಾರೇಜಿನವರು ಎರಡು ಮೂರು ರಬ್ಬರ್ ಪೈಪು ಕಿತ್ತು, "ಇವು ಬೇಡ ಬಿಡಿ" ಅಂದರು.

ಖಂಡಾಲಾ ಘಾಟಿ ಹತ್ತುವಾಗ ಅಮ್ಮನಿಗೆ ತಲೆಸುತ್ತು, ವಾಂತಿ. ನಾವು ಘಾಟಿಯ ತಿರುವುಗಳನ್ನು ಬೈದುಕೊಂಡೆವು. ಪೆಟ್ರೋಲ್ ವಾಸನೆ ಇತ್ತು, ನಿಜ. "ಹಳೇ ಗಾಡಿ ಅಂದಮೇಲೆ ವಾಸನೆ ಇದ್ದದ್ದೇ" ಅಂದರು ಮಾವ. ನಾನು ಓದುವುದು ಕಾಮರ್ಸ್. ಆದರೆ ಟ್ಯಾಂಕಿಗೆ ಹಾಕಿದ್ದು ವಾಸನೆಯಾಗಿ ಹೋಗುತ್ತದೆ ಅಂದರೆ ಅದೂ ಖರ್ಚೇ ತಾನೆ? ಕೇಳಿ, ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಾರಿನಲ್ಲಿ ಆವಿ ಹುಟ್ಟುವ ಜಾಗ ಮುಖ್ಯವಾಗಿ ಎರಡು: ಎಂಜಿನ್ನಿನ ಹೊಟ್ಟೆ ಮತ್ತು ಪೆಟ್ರೋಲ್ ಟ್ಯಾಂಕು.

ಮೊದಲು ಎಂಜಿನ್. ಸಿಲಿಂಡರಿನಲ್ಲಿ ಪೆಟ್ರೋಲ್ ಉರಿದಾಗ ಆ ಒತ್ತಡದಲ್ಲಿ ಸ್ವಲ್ಪ ಅನಿಲ ಪಿಸ್ಟನ್ ರಿಂಗುಗಳ ಸಂದಿಯಿಂದ ನುಸುಳಿ ಕೆಳಗೆ ಆಯಿಲ್ ಇರುವ ಕಡೆಗೆ ಹೋಗುತ್ತದೆ. ಅದರಲ್ಲಿ ಉರಿಯದ ಪೆಟ್ರೋಲು, ನೀರಾವಿ, ಹೊಗೆ ಎಲ್ಲ ಇರುತ್ತವೆ. ಹೊರಹೋಗಲು ದಾರಿ ಇಲ್ಲದಿದ್ದರೆ ಒತ್ತಡ ಏರಿ ಆಯಿಲ್ ಸೀಲುಗಳಿಂದ ಒಸರುತ್ತದೆ, ಡಿಪ್‌ಸ್ಟಿಕ್ ಮೇಲಕ್ಕೆ ಏಳುತ್ತದೆ, ಒಳಗೆ ಆಯಿಲ್ ಕೆಸರಾಗುತ್ತದೆ. ಬಹಳ ಹಿಂದೆ ಒಂದು ಕೊಳವೆಯನ್ನು ರಸ್ತೆಯ ಕಡೆಗೆ ಇಳಿಬಿಟ್ಟು ಕೈತೊಳೆದುಕೊಳ್ಳುತ್ತಿದ್ದರು. ಲಾಸ್ ಏಂಜಲೀಸಿನಲ್ಲಿ ಹೊಗೆಮಂಜು ಕಣ್ಣುರಿಸತೊಡಗಿದ ಮೇಲೆ ಬುದ್ಧಿ ಬಂತು. 1961ರ ಮಾದರಿಯಿಂದ ಕ್ಯಾಲಿಫೋರ್ನಿಯದ ಹೊಸ ಕಾರುಗಳಿಗೆ ಪಿ.ಸಿ.ವಿ. ವಾಲ್ವ್ ಬಂತು. ಇದು ಆ ಅನಿಲವನ್ನು ಮತ್ತೆ ಎಂಜಿನ್ನಿಗೇ ಎಳೆಸಿ ಸುಡುತ್ತದೆ. ಎಂಜಿನ್ ನಿಂತಲ್ಲೇ ಓಡುವಾಗ ಎಳೆತ ಬಹಳ. ಆಗ ವಾಲ್ವ್ ಸ್ವಲ್ಪವೇ ಬಿಡುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಹೆಚ್ಚು ತೆರೆಯುತ್ತದೆ. ಕಾರ್ಬ್ಯುರೇಟರಿನ ಕಡೆಗೆ ಬೆಂಕಿ ಹಿಂದಕ್ಕೆ ಸಿಡಿದರೆ ಪೂರ್ತಿ ಮುಚ್ಚಿಕೊಳ್ಳುತ್ತದೆ.

ಕಾರ್ಬ್ಯುರೇಟರ್ ಬದಲಾಯಿಸಿದವರು ಈ ವಾಲ್ವನ್ನು ಹಾಕುವಾಗ ಮೂರು ಮಾತು ನೆನಪಿಡಬೇಕು. ಒಂದು, ಪೈಪನ್ನು ಎಲ್ಲ ಸಿಲಿಂಡರುಗಳಿಗೂ ಸಮನಾಗಿ ಹಂಚುವ ಕಡೆ ಸೇರಿಸಬೇಕು. ಇಲ್ಲವಾದರೆ ಒಂದೇ ಸಿಲಿಂಡರಿಗೆ ಗಾಳಿ ಹೆಚ್ಚಾಗಿ ಅದು ಕಾಯುತ್ತದೆ. ಎರಡು, ಒಳಗಿನದನ್ನು ಎಳೆಯುವಾಗ ಇನ್ನೊಂದು ಕಡೆಯಿಂದ ಏರ್ ಫಿಲ್ಟರ್ ದಾಟಿದ ಶುದ್ಧ ಗಾಳಿ ಒಳಗೆ ಬರಬೇಕು. ಮೂರು, ಆಯಿಲ್ ಹನಿಗಳನ್ನು ಹಿಡಿಯಲು ನಡುವೆ ಒಂದು ಡಬ್ಬಿ ಇಟ್ಟರೆ ಅದನ್ನು ಆಗಾಗ ಖಾಲಿ ಮಾಡಬೇಕು. ಕೊನೆಗೆ ಕಾರ್ಬ್ಯುರೇಟರನ್ನು ಮತ್ತೊಮ್ಮೆ ಟ್ಯೂನ್ ಮಾಡಿಸಲೇಬೇಕು.

ಇನ್ನು ಟ್ಯಾಂಕು. ಪೆಟ್ರೋಲ್ ಖರ್ಚಾದಂತೆ ಅಷ್ಟು ಗಾಳಿ ಒಳಗೆ ಬರಬೇಕು. ಬರದಿದ್ದರೆ ಪೆಟ್ರೋಲ್ ಹರಿಯದೆ ಗಾಡಿ ನಡುದಾರಿಯಲ್ಲಿ ನಿಲ್ಲುತ್ತದೆ. ಬಿಸಿಲಿಗೆ ನಿಲ್ಲಿಸಿದಾಗ ಆವಿ ಹೊರಗೆ ಹೋಗಬೇಕು. ಇಂಥ ಹಳೇ ಕಾರುಗಳಲ್ಲಿ ಅದು ಸೀದಾ ಹೊರಗಾಳಿಗೆ ಹೋಗುತ್ತಿತ್ತು. ಅಮೆರಿಕದಾದ್ಯಂತ 1971ರ ಮಾದರಿಗಳಿಂದ ಇದಕ್ಕೂ ತಡೆ ಬಂತು. ಇದ್ದಿಲಿನ ಡಬ್ಬಿ ಆವಿಯನ್ನು ಹೀರಿ ಇಟ್ಟುಕೊಳ್ಳುತ್ತದೆ. ಎಂಜಿನ್ ಓಡುವಾಗ ಅದನ್ನು ವಾಪಸು ಎಳೆದುಕೊಂಡು ಸುಡುತ್ತದೆ. ಕಳೆದುಹೋಗುವ ಪೆಟ್ರೋಲ್ ಜಮೆಗೆ ಬಂದ ಹಾಗೆ! ಏನೂ ತಡೆ ಇಲ್ಲದ ಕಾರಿನಿಂದ ಹೊರಬೀಳುವ ಉರಿಯದ ಪೆಟ್ರೋಲ್ ಅಂಶದಲ್ಲಿ ಐದರಲ್ಲಿ ಸುಮಾರು ಎರಡು ಪಾಲು ಸೈಲೆನ್ಸರಿನದಲ್ಲ, ಈ ಎರಡು ಜಾಗಗಳದ್ದು ಎಂದು ಅಂದಾಜು.

ಹಳೇ ಕಾರಿಗೂ ಈ ಡಬ್ಬಿ ಹಾಕಬಹುದು. ಪೈಪು ಟ್ಯಾಂಕಿನ ಎಲ್ಲಕ್ಕಿಂತ ಎತ್ತರದ ಜಾಗದಿಂದ ಹೊರಡಬೇಕು. ಕಾರು ಮಗುಚಿದರೆ ಪೆಟ್ರೋಲ್ ಸುರಿಯದಂತೆ ಅದಕ್ಕೊಂದು ವಾಲ್ವ್ ಬೇಕು. ಡಬ್ಬಿ ಕೂರುವ ಜಾಗದೊಳಗೆ ಇರಕೂಡದು. ಬಂಕಿನಲ್ಲಿ ಕುತ್ತಿಗೆವರೆಗೂ ತುಂಬಿಸಬಾರದು, ಪೆಟ್ರೋಲ್ ನುಗ್ಗಿದರೆ ಇದ್ದಿಲು ಕೆಡುತ್ತದೆ. ಪೈಪು ಪೆಟ್ರೋಲಿಗೆಂದೇ ಮಾಡಿದ್ದಾಗಿರಬೇಕು. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20ರವರೆಗೆ ಎಥನಾಲ್ ಇರುತ್ತದೆ, ಹಳೇ ರಬ್ಬರನ್ನು ಅದು ಬೇಗ ಹಾಳುಮಾಡುತ್ತದೆ.

ಮಾವನ ಕಾರಿನಲ್ಲಿ ಆದದ್ದೇನು ಅಂದರೆ, ಹೊಸ ಟ್ಯಾಂಕಿನ ಗಾಳಿ ಪೈಪಿನ ಬಾಯಿ ಡಿಕ್ಕಿಯೊಳಗೇ ತೆರೆದಿತ್ತು. ಪೆಟ್ರೋಲ್ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಮೇಲೆ ಹಾರಿಹೋಗದೆ ನೆಲ ಹಿಡಿದು ಹರಿಯುತ್ತದೆ. ಹಿಂದಿನ ಸೀಟಿನ ಸಂದಿಯಿಂದ ಅಮ್ಮ ಕೂತಲ್ಲಿಗೆ ಬರುತ್ತಿತ್ತು. ಗಾಳಿಯಲ್ಲಿ ನೂರಕ್ಕೆ ಒಂದೂವರೆ ಪಾಲು ಆವಿ ಇದ್ದರೆ ಸಾಕು, ಒಂದು ಕಿಡಿಗೆ ಹತ್ತಿಕೊಳ್ಳುತ್ತದೆ.

ಇದನ್ನು ತಿಳಿದ ದಿನ ನನಗೆ ನೆನಪಾದದ್ದು ಡ್ಯಾಶ್‌ಬೋರ್ಡಿನ ಗಣಪತಿ. ಮಾವ ದಿನಾ ಬೆಳಿಗ್ಗೆ ಬಾಗಿಲು ತೆಗೆದು ಕೂತು, ಕಡ್ಡಿ ಗೀರಿ, ಊದುಬತ್ತಿ ಹಚ್ಚುತ್ತಿದ್ದರು. ಇಡೀ ರಾತ್ರಿ ಮುಚ್ಚಿಟ್ಟ ಕಾರಿನಲ್ಲಿ! ನಾನು ಹೇಳಿದಾಗ ಅವರು ಮಾತೇ ಆಡಲಿಲ್ಲ. ಮರುದಿನವೇ ಬೇರೆ ಮೆಕ್ಯಾನಿಕ್ಕನ್ನು ಕರೆಸಿ ಪೈಪನ್ನು ಹೊರಗೆ ಹಾಯಿಸಿ, ಇದ್ದಿಲಿನ ಡಬ್ಬಿ ಹಾಕಿಸಿದರು. ಈಗ ಗಣಪತಿಗೆ ಹೂವು ಮಾತ್ರ. ಅಮ್ಮ ಪುಣೆಯವರೆಗೂ ಕಿಟಕಿ ಮುಚ್ಚಿಕೊಂಡು ನಿದ್ದೆ ಮಾಡುತ್ತಾರೆ.

ನಿಮ್ಮ ಮನೆಯಲ್ಲೂ ಹಳೇ ಕಾರಿದ್ದರೆ ಬೆಳಿಗ್ಗೆ ಒಮ್ಮೆ ಡಿಕ್ಕಿ ತೆರೆದು ಮೂಸಿ ನೋಡಿ. ಗ್ಯಾರೇಜಿನವರು ಯಾವುದಾದರೂ ಪೈಪು ಬೇಡ ಅಂದರೆ, ಕೀಳುವ ಮೊದಲು ಅದರಲ್ಲಿ ಹೋಗುತ್ತಿದ್ದದ್ದು ಇನ್ನು ಎಲ್ಲಿಗೆ ಹೋಗುತ್ತದೆ ಅಂತ ಕೇಳಿ.