ಶಾಲೆಯ ನೀರಿನ ತೊಟ್ಟಿಯ ಮುಚ್ಚಳ ತೆಗೆದು ನೋಡಿದ್ದೀರಾ?

ಜೂನ್ ಮೊದಲ ಎರಡು ವಾರ ನನ್ನ ದವಾಖಾನೆಗೆ ಬರುವ ಮಕ್ಕಳಲ್ಲಿ ಹೆಚ್ಚಿನವರದು ಒಂದೇ ದೂರು: ಹೊಟ್ಟೆನೋವು, ವಾಂತಿ, ಭೇದಿ. "ಹಕೀಮ್ ಸಾಬ್ರ, ಹೊರಗಿಂದು ಏನೂ ತಿಂದಿಲ್ರಿ, ಮನಿ ಊಟಾನೇ ಮಾಡ್ಯಾನ್ರಿ" ಎನ್ನುತ್ತಾರೆ ತಾಯಂದಿರು. ಅದು ನಿಜವೇ. ಆದರೆ ನೀರು ಎಲ್ಲಿ ಕುಡಿದ ಎಂದು ಕೇಳಿದರೆ ತಾಯಿ ಮಗನ ಮುಖ ನೋಡುತ್ತಾರೆ. ಕುಡಿದದ್ದು ಶಾಲೆಯ ನಲ್ಲಿಯಲ್ಲಿ.

ಏಪ್ರಿಲ್ ಎರಡನೇ ವಾರ ಬೀಗ ಬಿದ್ದ ಶಾಲೆ ತೆರೆಯುವುದು ಮೇ ಕೊನೆಗೆ. ಸುಮಾರು ಏಳು ವಾರ ತೊಟ್ಟಿಯ ತಳದಲ್ಲಿ ಉಳಿದ ನೀರು ನಮ್ಮ ಆನೆಗೊಂದಿಯ ಬಿಸಿಲಿಗೆ ಕಾಯುತ್ತಾ ನಿಂತಿರುತ್ತದೆ. ಒಮ್ಮೆ ನನ್ನ ಮಗನ ಶಾಲೆಯ ಮಾಳಿಗೆ ಹತ್ತಿ ನೋಡಿದೆ. ಮುಚ್ಚಳ ಅರ್ಧ ಸರಿದಿತ್ತು. ಒಳಗೆ ಪಾಚಿ, ಪಾರಿವಾಳದ ಗರಿ, ಸತ್ತ ಹಲ್ಲಿ. ಅಂದು ಬೆಳಿಗ್ಗೆಯೇ ಮಕ್ಕಳು ಆ ನೀರು ಕುಡಿದಿದ್ದರು.

2023ರ ಜೂನ್‌ನಲ್ಲಿ ನಮ್ಮದೇ ಜಿಲ್ಲೆಯ ಬಸರಿಹಾಳ, ಬಿಜಕಲ್ ಗ್ರಾಮಗಳಲ್ಲಿ ವಾಂತಿ-ಭೇದಿ ಹಬ್ಬಿ ಜೀವಗಳು ಹೋದವು. ಕಲುಷಿತ ನೀರಿನ ಮಾತು ಆಗ ಎಲ್ಲರ ಬಾಯಲ್ಲಿತ್ತು. ಅದು ಶಾಲೆಯ ತೊಟ್ಟಿಯ ಕಥೆಯಲ್ಲ, ಊರಿನ ನೀರಿನದು. ಆದರೆ ಮೊದಲ ಮಳೆ ಬೀಳುವ ಹೊತ್ತಿಗೆ ನೀರು ಎಷ್ಟು ಬೇಗ ಕೆಡುತ್ತದೆ ಎಂಬುದನ್ನು ಅದು ತೋರಿಸಿತು. ವುಝೂ ಮಾಡುವ ನೀರಿನ ಬಣ್ಣ, ವಾಸನೆ ನೋಡುವ ನಾವು, ಮಕ್ಕಳು ಶಾಲೆಯಲ್ಲಿ ಕುಡಿಯುವ ನೀರಿನ ಬಗ್ಗೆ ವಿಚಾರಿಸುವುದೇ ಇಲ್ಲ.

ತೊಟ್ಟಿ ತೊಳೆಯುವುದು ದೊಡ್ಡ ವಿದ್ಯೆಯೇನಲ್ಲ. ನೀರು ಪೂರ್ತಿ ಖಾಲಿ ಮಾಡಿ ಗೋಡೆ, ತಳವನ್ನು ಗಟ್ಟಿ ಬ್ರಷ್‌ನಿಂದ ಉಜ್ಜಿ. ಬರಿದೇ ನೀರು ಚೆಲ್ಲಿದರೆ ಸಾಲದು. ಡೆಂಗಿ ಹರಡುವ ಸೊಳ್ಳೆಯ ಮೊಟ್ಟೆ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಒಣಗಿದ್ದರೂ ಸಾಯುವುದಿಲ್ಲ, ನೀರು ಬಂದೊಡನೆ ಒಡೆಯುತ್ತದೆ. ಉಜ್ಜಿದ ಮೇಲೆ ತೊಟ್ಟಿ ತುಂಬಿಸಿ, 1000 ಲೀಟರ್‌ಗೆ 150 ಗ್ರಾಂ ಬ್ಲೀಚಿಂಗ್ ಪೌಡರ್ ಕದಡಿ ಒಂದು ರಾತ್ರಿ ಬಿಡಿ. ಮರುದಿನ ಎಲ್ಲ ನಲ್ಲಿಗಳನ್ನೂ ತಿರುಗಿಸಿ ಆ ನೀರನ್ನು ಹೊರಗೆ ಬಿಡಿ, ಪೈಪುಗಳೂ ತೊಳೆದುಹೋಗಲಿ. ಈ ನೀರು ಕುಡಿಯಲು ಅಲ್ಲ. ಹೊಸ ನೀರು ತುಂಬಿಸಿದ ಮೇಲೆ 1000 ಲೀಟರ್‌ಗೆ ಸುಮಾರು 2.5 ಗ್ರಾಂ ಸಾಕು. ಬಕೆಟ್‌ನಲ್ಲಿ ಕರಗಿಸಿ, ತಿಳಿಯನ್ನಷ್ಟೇ ಸುರಿದು, ಒಂದು ಗಂಟೆ ಬಿಟ್ಟು ಕುಡಿಯಬಹುದು. ಪೌಡರ್ ಹೊಸದಾಗಿರಲಿ. ಬಾಯಿ ತೆರೆದಿಟ್ಟ ಹಳೆಯ ಪೊಟ್ಟಣದಲ್ಲಿ ವಾಸನೆ ಹೋಗಿದ್ದರೆ ಸತ್ವವೂ ಹೋಗಿರುತ್ತದೆ.

ನೆಲದೊಳಗಿನ ಸಂಪಿಗೆ ಒಬ್ಬರೇ ಇಳಿಯಬಾರದು. ಮೊದಲು ಮುಚ್ಚಳ ತೆರೆದು ಬಹಳ ಹೊತ್ತು ಗಾಳಿಯಾಡಲು ಬಿಡಿ, ಮೇಲೆ ಒಬ್ಬರು ನಿಂತಿರಲಿ. ಶೌಚಾಲಯ ತೊಳೆಯುವ ಆ್ಯಸಿಡ್ ಜೊತೆ ಬ್ಲೀಚಿಂಗ್ ಪೌಡರ್ ಬೆರೆಸಲೇಬೇಡಿ. ಅದರಿಂದೇಳುವ ಕ್ಲೋರಿನ್ ಅನಿಲ ಶ್ವಾಸಕೋಶ ಸುಡುತ್ತದೆ. ಈ ಕೆಲಸಕ್ಕೆ ಮಕ್ಕಳನ್ನಂತೂ ಹಚ್ಚಬೇಡಿ. 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸುದ್ದಿ ನಿಮಗೂ ನೆನಪಿರಬೇಕು.

ಯುನಾನಿಯಲ್ಲಿ ಆರೋಗ್ಯಕ್ಕೆ ಆಧಾರವಾದ ಆರು ಸಂಗತಿಗಳಲ್ಲಿ ಮೊದಲನೆಯದು ಗಾಳಿ. ಮುಚ್ಚಿದ ಕೋಣೆಯಲ್ಲಿ ಇಲಿ, ಬಾವಲಿಗಳ ಹಿಕ್ಕೆ ಒಣಗಿ ಧೂಳಾಗಿರುತ್ತದೆ. ಬಾಗಿಲು ತೆರೆದವರೇ ಪೊರಕೆ ಹಿಡಿದರೆ ಅದೆಲ್ಲ ಮೂಗಿಗೆ. ಕಿಟಕಿ ತೆರೆದು ಅರ್ಧ ಗಂಟೆ ಬಿಡಿ, ಮೂಗು-ಬಾಯಿಗೆ ಬಟ್ಟೆ ಕಟ್ಟಿ, ನೀರು ಚಿಮುಕಿಸಿ ಒದ್ದೆ ಬಟ್ಟೆಯಿಂದ ಒರೆಸಿ. ಲೋಬಾನದ ಹೊಗೆ ಹಾಕಿದರೆ ಸಾಕಲ್ಲವೇ ಎಂದು ಕೆಲವರು ಕೇಳುತ್ತಾರೆ. ಸುವಾಸನೆ ಬರುತ್ತದೆ, ಹಿಕ್ಕೆ ಹೋಗುವುದಿಲ್ಲ.

ನಮ್ಮದು ಬಂಡೆಗಲ್ಲಿನ ಊರು. ಬಿಸಿಲಿಗೆ ಹಾವು, ಚೇಳು ತಂಪು ಹುಡುಕಿ ಕತ್ತಲೆ ಕೋಣೆಗೆ ಸೇರುತ್ತವೆ. 2019ರ ನವೆಂಬರ್‌ನಲ್ಲಿ ವಯನಾಡಿನ ಸುಲ್ತಾನ್ ಬತ್ತೇರಿಯಲ್ಲಿ ತರಗತಿಯ ನೆಲದ ಬಿಲದಲ್ಲಿದ್ದ ಹಾವು ಕಡಿದು ಐದನೇ ತರಗತಿಯ ಬಾಲಕಿ ತೀರಿಕೊಂಡಳು. ಆ ಬಿಲಕ್ಕೆ ಒಂದು ಬಾಂಡ್ಲಿ ಸಿಮೆಂಟ್ ಸಾಕಿತ್ತು. ನೆಲದ ಬಿರುಕು, ಬಾಗಿಲ ಕೆಳಗಿನ ಸಂದು, ಮೂಲೆಯ ಮುರಿದ ಬೆಂಚುಗಳ ರಾಶಿ, ಇವನ್ನು ರಜೆಯಲ್ಲೇ ನೋಡಿಬಿಡಿ. ಹಾವು ಕಡಿದರೆ ಕಟ್ಟುವುದು, ಕೊಯ್ಯುವುದು ಬೇಡ. ನನ್ನಲ್ಲಿಗೂ ಬರಬೇಡಿ, ನೇರ ಗಂಗಾವತಿಯ ಸರಕಾರಿ ಆಸ್ಪತ್ರೆಗೆ ಹೋಗಿ. ವಿಷಕ್ಕೆ ಚುಚ್ಚುಮದ್ದೇ ಮದ್ದು.

"ಇದೆಲ್ಲ ಮಾಸ್ತರರ ಕೆಲಸ" ಎನ್ನಬೇಡಿ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ಪಾಲಕರೇ, ಅರ್ಧದಷ್ಟು ಮಹಿಳೆಯರು. ನಮ್ಮಲ್ಲಿ ಅದು ಎಸ್‌ಡಿಎಂಸಿ. ಮೇ ಎರಡನೇ ವಾರ ಸಭೆ ಕರೆಯಲು ಕೇಳಿ. ಕೂಲಿಗೆ, ಪೌಡರಿಗೆ ಹಣ ಎಲ್ಲಿಂದ ಎಂದು ಅಲ್ಲೇ ಕೇಳಿ. ಕೆಲಸ ಮುಗಿದ ಮೇಲೆ ತೊಟ್ಟಿಯ ಮೇಲೆ ಬಣ್ಣದಲ್ಲಿ ತಾರೀಖು ಬರೆಸಿ. ನಮ್ಮ ಮದ್ರಸಗಳ ತೊಟ್ಟಿಗಳಿಗೂ ಇದೇ ಮಾತು.

ಇನ್ನೊಂದು ವಿಷಯ. ನಮ್ಮ ಜಿಲ್ಲೆಯ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ. ಬ್ಲೀಚಿಂಗ್ ಪೌಡರ್ ಹಾಕಿದರೂ, ನೀರು ಕುದಿಸಿದರೂ ಅದು ಹೋಗುವುದಿಲ್ಲ. ಶಾಲೆಯ ನೀರು ಕೊಳವೆಬಾವಿಯದಾದರೆ ಪಂಚಾಯಿತಿಗೆ ಹೇಳಿ ಪರೀಕ್ಷೆ ಮಾಡಿಸಿ. ವರದಿ ಬರುವತನಕ ಊರಿನ ಶುದ್ಧ ನೀರಿನ ಘಟಕದಿಂದ ಬಾಟಲಿ ತುಂಬಿಸಿ ಮಗುವಿನ ಚೀಲಕ್ಕೆ ಹಾಕಿ ಕಳಿಸಿ.