ಬೇರ್ಪಡಿಸಿದ್ದೆಲ್ಲ ಭದ್ರವಲ್ಲ

"ಸಾಫ್ಟ್‌ವೇರ್ ಹಳೆಯದೇ, ಆದರೆ ವರ್ಚುವಲೈಸ್ ಮಾಡಿಟ್ಟಿದ್ದೇವೆ. ವೈರಸ್ ಬಂದರೂ ಆ ಬಬಲ್ ಒಳಗೇ ಉಳಿಯುತ್ತದೆ." ಸಂಸ್ಥೆಗಳ ಐಟಿ ವಿಭಾಗಗಳಲ್ಲಿ ನೆಮ್ಮದಿಯಿಂದ ಆಡುವ ಈ ಮಾತಿನಷ್ಟು ಅಪಾಯದ ಮಾತು ಅಪ್ಲಿಕೇಶನ್ ವರ್ಚುವಲೈಸೇಶನ್ ವಿಷಯದಲ್ಲಿ ಬೇರೊಂದಿಲ್ಲ. ಪ್ರೋಗ್ರಾಂ ಒಂದನ್ನು ಅದರ ಫೈಲುಗಳ ಸಮೇತ ಪ್ಯಾಕೇಜಾಗಿ ಕಟ್ಟಿ, ಉಳಿದವುಗಳಿಂದ ಬೇರ್ಪಡಿಸಿದ ಆವರಣದಲ್ಲಿ, ಅಂದರೆ 'ಬಬಲ್' ಒಳಗೆ, ಓಡಿಸುವುದೇ ಈ ತಂತ್ರ. ಉಳಿದ ತಪ್ಪು ಕಲ್ಪನೆಗಳನ್ನು ಒಂದೊಂದು ಸಾಲಿನಲ್ಲಿ ಮುಗಿಸಬಹುದು. ಈ ತಂತ್ರಕ್ಕೆ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಹೊತ್ತ ವರ್ಚುವಲ್ ಮಷೀನ್ ಬೇಕಿಲ್ಲ. ಪ್ಯಾಕೇಜ್ ಪೂರ್ತಿ ಇಳಿದ ಮೇಲೆ ನೆಟ್‌ವರ್ಕ್ ಇಲ್ಲದೆಯೂ ಓಡುತ್ತದೆ. ಲೈಸೆನ್ಸ್ ಹಣವೇನೂ ಉಳಿಯುವುದಿಲ್ಲ. ಡ್ರೈವರ್‌ಗಳನ್ನು ಹೀಗೆ ಕಟ್ಟಲು ಬರುವುದಿಲ್ಲ. ಆದರೆ 'ಬಬಲ್ ಒಳಗೆ ಕ್ಷೇಮ' ಎಂಬ ನಂಬಿಕೆಯನ್ನು ಹೀಗೆ ದಾಟಿ ಹೋಗುವಂತಿಲ್ಲ, ಏಕೆಂದರೆ ಅದನ್ನು ನೆಚ್ಚಿ ಸಂಸ್ಥೆಗಳು ಮಾಡಬೇಕಾದ ಕೆಲಸವನ್ನೇ ಕೈಬಿಡುತ್ತವೆ.

ಈ ತಂತ್ರ ಹುಟ್ಟಿದ್ದು ಪ್ರೋಗ್ರಾಂಗಳ ಜಗಳ ಬಿಡಿಸಲು. ಎರಡು ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಒಂದೇ ಹೆಸರಿನ ಡಿಎಲ್‌ಎಲ್ ಫೈಲಿನ ಬೇರೆ ಬೇರೆ ಆವೃತ್ತಿ ಬೇಡಿದರೆ, ಒಂದನ್ನು ಹಾಕಿದಾಗ ಇನ್ನೊಂದು ಕೆಡುತ್ತಿತ್ತು. ಸಾಫ್ಟ್ರಿಸಿಟಿ ಕಂಪನಿಯ ಸಾಫ್ಟ್‌ಗ್ರಿಡ್ ಇದಕ್ಕೊಂದು ದಾರಿ ತೋರಿಸಿತು. 2006ರಲ್ಲಿ ಮೈಕ್ರೋಸಾಫ್ಟ್ ಆ ಕಂಪನಿಯನ್ನೇ ಕೊಂಡುಕೊಂಡಿತು. ಆ ಉತ್ಪನ್ನವೇ ಮುಂದೆ ಆ್ಯಪ್-ವಿ ಆಯಿತು. ಸೀಕ್ವೆನ್ಸರ್ ಎಂಬ ಸಾಧನ ಒಂದು ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಒಮ್ಮೆ ಇನ್‌ಸ್ಟಾಲ್ ಆಗುವುದನ್ನು ಗಮನಿಸಿ, ಯಾವ ಫೈಲ್ ಎಲ್ಲಿ ಕೂತಿತು, ವಿಂಡೋಸ್‌ನ ಸೆಟ್ಟಿಂಗ್ ದಾಖಲೆಯಾದ ರಿಜಿಸ್ಟ್ರಿಯಲ್ಲಿ ಏನು ಬರೆಯಿತು ಎಂಬುದನ್ನೆಲ್ಲ ಒಂದು ಪ್ಯಾಕೇಜಿಗೆ ಕಟ್ಟುತ್ತದೆ. ಉದಾಹರಣೆಗೆ, ಹಳೆಯ ಜಾವಾ 6 ಬೇಡುವ ಬಿಲ್ಲಿಂಗ್ ಪ್ರೋಗ್ರಾಂ ಒಂದನ್ನು ಹೀಗೆ ಕಟ್ಟಿದ್ದಾರೆ ಎನ್ನಿ. ಸಿಬ್ಬಂದಿ ಐಕಾನ್ ಒತ್ತಿದಾಗ ಅದು 'ಜಾವಾ ಎಲ್ಲಿದೆ' ಎಂದು ರಿಜಿಸ್ಟ್ರಿಯನ್ನು ಕೇಳುತ್ತದೆ. ನಡುವೆ ನಿಂತ ಆ್ಯಪ್-ವಿ, ವಿಂಡೋಸ್‌ನಲ್ಲಿರುವ ಹೊಸ ಜಾವಾವನ್ನು ಮರೆಮಾಡಿ ಪ್ಯಾಕೇಜಿನೊಳಗಿನ ಜಾವಾ 6 ಅನ್ನು ತೋರಿಸುತ್ತದೆ. ಪ್ರೋಗ್ರಾಂ ತನ್ನ ಸೆಟ್ಟಿಂಗ್ ಬದಲಿಸಿದರೆ ಮೂಲ ಫೈಲ್ ಹಾಗೇ ಉಳಿದು, ಬದಲಾದ ಪ್ರತಿಯು ಬಳಕೆದಾರರ ಪ್ರೊಫೈಲಿನಲ್ಲಿ ಕೂರುತ್ತದೆ. ಬುತ್ತಿ ಕಟ್ಟಿಕೊಂಡು ಬಂದ ನೆಂಟನಂತೆ ಅದು ಮನೆಯ ಪಾತ್ರೆ ಮುಟ್ಟುವುದಿಲ್ಲ, ಅಡುಗೆಮನೆ ಕೆಡಿಸುವುದಿಲ್ಲ.

ಆದರೆ ನೆಂಟ ಕೂತಿರುವುದು ಮನೆಯೊಳಗೇ. ಟಾಸ್ಕ್ ಮ್ಯಾನೇಜರ್ ತೆರೆದರೆ ಆ ಪ್ರೋಗ್ರಾಂ ಉಳಿದವುಗಳ ಸಾಲಿನಲ್ಲೇ, ಲಾಗಿನ್ ಆದವರ ಹೆಸರಿನಲ್ಲೇ ಕಾಣುತ್ತದೆ. ಅದು ಓಡುವುದು ಅದೇ ವಿಂಡೋಸ್ ಕರ್ನಲ್ ಮೇಲೆ, ಅದೇ ಬಳಕೆದಾರರ ಅಧಿಕಾರದಲ್ಲಿ. ಅದರ ಕಣ್ಣಿಗೆ ಬೀಳುವ ಡಾಕ್ಯುಮೆಂಟ್ಸ್ ಫೋಲ್ಡರ್ ನಿಜವಾದದ್ದು, ಕಚೇರಿಯ ಶೇರ್ಡ್ ಡ್ರೈವ್ ಕೂಡ ನಿಜವಾದದ್ದು. ಹಾಗಿಲ್ಲದಿದ್ದರೆ ಅದರಲ್ಲಿ ಮಾಡಿದ ಬಿಲ್ಲನ್ನು ಸೇವ್ ಮಾಡುವುದೆಲ್ಲಿ? ಆ ಜಾವಾದ ಬಿರುಕಿನಿಂದ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ನುಗ್ಗಿದರೆ, ಬಳಕೆದಾರರು ಬದಲಿಸಬಲ್ಲ ಕಡತಗಳನ್ನೆಲ್ಲ ಅದೂ ಬದಲಿಸಬಲ್ಲದು. ಇದಕ್ಕಿಂತ ದೊಡ್ಡ ಸಂಕಟ ಬೇರೆಯಿದೆ. ಜಾವಾ 6ಕ್ಕೆ ಸಾರ್ವಜನಿಕ ಅಪ್‌ಡೇಟ್ 2013ರಲ್ಲೇ ನಿಂತಿದೆ. ಪ್ಯಾಕೇಜ್ ಕಟ್ಟುವಾಗ ಆಟೋ ಅಪ್‌ಡೇಟ್ ನಿಲ್ಲಿಸುವುದು ರೂಢಿ. ವಿಂಡೋಸ್‌ನಲ್ಲಿರುವ ಜಾವಾವನ್ನು ಎಷ್ಟು ಸಲ ನವೀಕರಿಸಿದರೂ ಪ್ಯಾಕೇಜಿನೊಳಗಿನದು ಹಳೆಯದಾಗಿಯೇ ಇರುತ್ತದೆ. ಬೇರ್ಪಡಿಸಿದ್ದರಿಂದ ಅದಕ್ಕೆ ಔಷಧಿಯೂ ತಲುಪದಂತಾಯಿತು. ಬುತ್ತಿ ಹಳಸಿದೆ, ಗಂಟು ಮಾತ್ರ ಬಿಗಿಯಾಗಿದೆ.

'ಪ್ಯಾಕೇಜನ್ನು ರಿಪೇರಿ ಮಾಡಿದರೆ ಎಲ್ಲ ಮೊದಲಿನಂತಾಗುತ್ತದಲ್ಲ' ಎಂಬ ಆಕ್ಷೇಪ ಬರುತ್ತದೆ. ಆಗುತ್ತದೆ, ಪ್ಯಾಕೇಜಿನ ಮಟ್ಟಿಗೆ. ಕಳುವಾದ ಪಾಸ್‌ವರ್ಡ್ ವಾಪಸ್ ಬರುವುದಿಲ್ಲ, ಬೀಗ ಬಿದ್ದ ಕಡತ ತೆರೆಯುವುದಿಲ್ಲ. 'ಹಾಗಾದರೆ ಭದ್ರತೆಗೆ ಇದರಿಂದ ಏನೂ ಪ್ರಯೋಜನವಿಲ್ಲವೇ' ಎಂಬುದು ಎರಡನೆಯ ಪ್ರಶ್ನೆ, ಮತ್ತು ಅದು ನ್ಯಾಯವಾದ ಪ್ರಶ್ನೆ. ಪ್ರಯೋಜನವಿದೆ. ಹಳೆಯ ಪ್ರೋಗ್ರಾಂ ಓಡಲಿ ಎಂದು ಸಿಬ್ಬಂದಿಗೆಲ್ಲ ಅಡ್ಮಿನ್ ಹಕ್ಕು ಹಂಚುವ ಕೆಟ್ಟ ಪದ್ಧತಿಯನ್ನು ಬಹಳಷ್ಟು ಕಡೆ ಬಿಡಬಹುದು. ಒಂದು ಪ್ಯಾಕೇಜಿಗೆ ಪ್ಯಾಚ್ ಹಾಕಿ ಪ್ರಕಟಿಸಿದರೆ ಎಲ್ಲರಿಗೂ ಅದೇ ತಲುಪುತ್ತದೆ. ಯಂತ್ರದಿಂದ ಯಂತ್ರಕ್ಕೆ ಅಲೆಯಬೇಕಿಲ್ಲ. ಆದರೆ ಈ ಲಾಭ ಪ್ಯಾಚ್ ಹಾಕುವವರಿಗೆ ಮಾತ್ರ. ಬಬಲ್ ಇದೆಯೆಂದು ಪ್ಯಾಚ್ ಹಾಕುವುದನ್ನೇ ಬಿಟ್ಟವರು ತಮ್ಮ ಕೈಗೆ ಬಂದ ಅತ್ಯುತ್ತಮ ಅನುಕೂಲವನ್ನೇ ಎಸೆದಂತೆ.

ಹೆಸರು ಕೇಳಿ ಗುಣ ನಂಬುವ ಈ ಚಾಳಿ ಇಲ್ಲಿಗೇ ನಿಲ್ಲುವುದಿಲ್ಲ. ಬ್ರೌಸರಿನ ಇನ್‌ಕಾಗ್ನಿಟೋ ಕಿಟಕಿ ಆ ಯಂತ್ರದಲ್ಲಿ ಹಿಸ್ಟರಿ ಉಳಿಸುವುದಿಲ್ಲ, ಅಷ್ಟೇ. ಜನ ಅದನ್ನು ಅದೃಶ್ಯವಾಗುವ ಮಂತ್ರವೆಂದು ತಿಳಿಯುತ್ತಾರೆ. ವೆಬ್ ವಿಳಾಸದ ಪಕ್ಕದ ಬೀಗದ ಚಿಹ್ನೆ ಸಂಪರ್ಕ ಗುಪ್ತವಾಗಿದೆ ಎನ್ನುತ್ತದೆ. ಆಚೆ ಕೂತವನು ಪ್ರಾಮಾಣಿಕನೆಂದು ಅದು ಎಂದೂ ಹೇಳಿಲ್ಲ. ಒಂದು ಕೆಲಸಕ್ಕೆ ಮಾಡಿದ ಸಾಧನಕ್ಕೆ ಇನ್ನೊಂದು ಕೆಲಸದ ಭಾರ ಹೊರಿಸಿ ನಿಶ್ಚಿಂತರಾಗುವುದು ತಾಯಿತ ಕಟ್ಟಿಕೊಂಡು ಔಷಧಿ ಬಿಟ್ಟಂತೆ. ತಾಯಿತ ಕಟ್ಟಿದವರ ನಂಬಿಕೆಯಿಂದ ಕೆಡುವುದು ಅವರ ಆರೋಗ್ಯ. ಸಂಸ್ಥೆಯ ನಂಬಿಕೆಯಿಂದ ಬಯಲಾಗುವುದು ಅದರ ಗ್ರಾಹಕರ, ರೋಗಿಗಳ, ವಿದ್ಯಾರ್ಥಿಗಳ ದಾಖಲೆ. ಆದ್ದರಿಂದ 'ವರ್ಚುವಲೈಸ್ ಮಾಡಿದ್ದೇವೆ' ಎಂಬ ಉತ್ತರ ಬಂದಾಗ ಆಡಳಿತ ಮಂಡಳಿ ಇನ್ನೆರಡು ಪ್ರಶ್ನೆ ಕೇಳಲೇಬೇಕು: ಆ ಪ್ಯಾಕೇಜಿನೊಳಗೆ ಏನೇನಿದೆ? ಅದಕ್ಕೆ ಕೊನೆಯ ಬಾರಿ ಪ್ಯಾಚ್ ಹಾಕಿದ್ದು ಯಾವಾಗ?