ಭಾಷೆಯ ಗಡಿ, ಕೂಲಿಯ ಗಡಿ: ಕಾಸರಗೋಡು–ಕಣ್ಣೂರು ಸೀಮೆಯ ಬೀಡಿ ಕಾರ್ಮಿಕ ಸಂಘಟನೆ

ಕಾಸರಗೋಡಿನ ಗಡಿಪ್ರಶ್ನೆಯನ್ನು ನಮ್ಮ ವಿದ್ವತ್ ವಲಯವು ಬಹುಮಟ್ಟಿಗೆ ಭಾಷೆ, ಶಿಕ್ಷಣ ಮತ್ತು ಆಡಳಿತದ ಪ್ರಶ್ನೆಯಾಗಿಯೇ ಚರ್ಚಿಸುತ್ತ ಬಂದಿದೆ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆಯಿಂದ ಬೇರ್ಪಟ್ಟು ಕೇರಳಕ್ಕೆ ಸೇರಿದ ಈ ತಾಲೂಕಿನಲ್ಲಿ ಅದೇ ಗಡಿಯು ಹನ್ನೆರಡು ವರ್ಷಗಳೊಳಗೆ ಕೂಲಿಯ ಗಡಿಯೂ ಆಯಿತು. ಆ ಬದಲಾವಣೆ ಹೇಗಾಯಿತು, ಕಾರ್ಮಿಕ ಸಂಘಗಳು ಅದನ್ನು ಹೇಗೆ ಎದುರಿಸಿದವು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಪಶ್ಚಿಮ ಕರಾವಳಿಯ ಬೀಡಿ ಉದ್ಯಮಕ್ಕೆ ಮಂಗಳೂರು ಒಂದು ಮುಖ್ಯ ಕೇಂದ್ರ. ಅಲ್ಲಿನ ಸಂಸ್ಥೆಗಳು ಎಲೆಯನ್ನೂ ಹೊಗೆಸೊಪ್ಪನ್ನೂ ಶಾಖೆಗಳ ಮತ್ತು ಗುತ್ತಿಗೆದಾರರ ಮೂಲಕ ಹಂಚಿ, ಕಟ್ಟಿದ ಬೀಡಿಯನ್ನು ಸಾವಿರದ ಲೆಕ್ಕದಲ್ಲಿ ಹಿಂದಕ್ಕೆ ಪಡೆಯುತ್ತಿದ್ದವು. ಭಾರೀ ಯಂತ್ರವಾಗಲಿ ದೊಡ್ಡ ಕಟ್ಟಡವಾಗಲಿ ಬೇಡದ ಈ ಉದ್ಯಮವನ್ನು ಒಂದೂರಿನಿಂದ ಕಿತ್ತು ಇನ್ನೊಂದೂರಿನಲ್ಲಿ ನೆಡುವುದು ಸುಲಭ. ಮಾಲೀಕ ಮತ್ತು ಕಾರ್ಮಿಕರ ನಡುವೆ ಗುತ್ತಿಗೆದಾರನಿದ್ದುದರಿಂದ ಹೊಣೆಗಾರಿಕೆಯಿಂದ ನುಣುಚಿಕೊಳ್ಳುವುದೂ ಅಷ್ಟೇ ಸುಲಭವಾಗಿತ್ತು. ಕಣ್ಣೂರಿನ ಬೀಡಿ ಕಾರ್ಮಿಕರು 1930ರ ದಶಕದಿಂದಲೇ ಸಂಘ ಕಟ್ಟಿದ್ದರೂ ಈ ಎರಡು ತೊಡಕುಗಳು ಉಳಿದೇ ಇದ್ದವು.

1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆಯು ಇವುಗಳಿಗೆ ಕಾನೂನಿನ ಉತ್ತರ ನೀಡಲು ಯತ್ನಿಸಿತು. ಉತ್ಪಾದನಾ ಸ್ಥಳಕ್ಕೆ ಪರವಾನಗಿ, ದಿನಕ್ಕೆ ಒಂಬತ್ತು ಮತ್ತು ವಾರಕ್ಕೆ 48 ಗಂಟೆಗಳ ಮಿತಿ, ಇಪ್ಪತ್ತು ದಿನ ದುಡಿದ ವಯಸ್ಕರಿಗೆ ಒಂದು ದಿನದ ಸಂಬಳಸಹಿತ ರಜೆ, ಹೆರಿಗೆ ಸೌಲಭ್ಯ ಇವೆಲ್ಲ ಅದರಲ್ಲಿದ್ದವು. ಮಾಲೀಕರಿಂದಾಗಲಿ ಗುತ್ತಿಗೆದಾರರಿಂದಾಗಲಿ ಕಚ್ಚಾ ಸಾಮಗ್ರಿ ಪಡೆದು ಮನೆಯಲ್ಲಿ ಬೀಡಿ ಕಟ್ಟುವವರನ್ನೂ ಅದು ಕಾರ್ಮಿಕರೆಂದೇ ಎಣಿಸಿತು. ಕಟ್ಟಿದ ಬೀಡಿಯನ್ನು ಸರಿಯಿಲ್ಲವೆಂದು ತಳ್ಳಿ ಕೂಲಿ ಮುರಿಯುವ ಪದ್ಧತಿಯ ಕುರಿತ ತಕರಾರುಗಳ ಇತ್ಯರ್ಥಕ್ಕೂ ದಾರಿ ತೋರಿತು. ಕಾಯಿದೆ ಇಡೀ ದೇಶದ್ದಾದರೂ ಅದನ್ನು ಜಾರಿಗೊಳಿಸುವ ಹೊಣೆ ರಾಜ್ಯಗಳದ್ದಾಗಿತ್ತು. ಗಡಿಯು ಕೂಲಿಯ ಗಡಿಯಾಗಲು ಈ ಅಂತರವೇ ಎಡೆಮಾಡಿಕೊಟ್ಟಿತು.

ಚಂದ್ರಗಿರಿ ಹೊಳೆಯ ಉತ್ತರದ ಪ್ರದೇಶವನ್ನು ಕರ್ನಾಟಕಕ್ಕೆ ಸೇರಿಸಬೇಕೆಂದು ಮಹಾಜನ ಆಯೋಗ ಶಿಫಾರಸು ಮಾಡಿದ್ದು 1967ರಲ್ಲಿ. ಅದೇ ವರ್ಷ ಕೇರಳದಲ್ಲಿ ಇ.ಎಂ.ಎಸ್. ನಂಬೂದಿರಿಪ್ಪಾಡರ ಸರ್ಕಾರ ಅಧಿಕಾರಕ್ಕೆ ಬಂದು, ಮರುವರ್ಷ ಸಂಘಗಳ ಒತ್ತಾಯದಂತೆ ಬೀಡಿ ಕಾಯಿದೆಯನ್ನು ಜಾರಿಗೊಳಿಸಲು ಮುಂದಾಯಿತು. 1968ರ ಅಕ್ಟೋಬರಿನಲ್ಲಿ ಮಂಗಳೂರು ಗಣೇಶ್ ಬೀಡಿ ಮೊದಲಾದ ಸಂಸ್ಥೆಗಳು ಉತ್ತರ ಕೇರಳದ ತಮ್ಮ ಶಾಖೆಗಳನ್ನು ಮುಚ್ಚಿದವು. ಸುಮಾರು 12,000 ಕಾರ್ಮಿಕರು ಕೆಲಸ ಕಳೆದುಕೊಂಡರು. ಕಾಯಿದೆಯನ್ನು ಬೀಡಿ ತಯಾರಕರು ನ್ಯಾಯಾಲಯದಲ್ಲಿಯೂ ಪ್ರಶ್ನಿಸಿದರು. 1974ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದರ ಸಿಂಧುತ್ವವನ್ನು ಎತ್ತಿಹಿಡಿಯಿತು. ಆದರೆ ಒಲೆ ಹೊತ್ತಿಸಬೇಕಾದ ಕಾರ್ಮಿಕರಿಗೆ ತೀರ್ಪಿನವರೆಗೆ ಕಾಯುವ ಅವಕಾಶವಿರಲಿಲ್ಲ.

ಕಾರ್ಮಿಕ ಸಂಘಗಳ ಮುಂದೆ ಎರಡು ಹಾದಿಗಳಿದ್ದವು: ಕಾಯಿದೆಯನ್ನು ಕೈಬಿಟ್ಟು ಕೆಲಸ ಉಳಿಸಿಕೊಳ್ಳುವುದು, ಇಲ್ಲವೇ ಕಾಯಿದೆಯನ್ನು ಪಾಲಿಸುವ ಉದ್ಯಮವನ್ನು ತಾವೇ ಕಟ್ಟುವುದು. ಅವು ಎರಡನೆಯದನ್ನು ಆಯ್ದುಕೊಂಡವು. 1969ರ ಫೆಬ್ರವರಿಯಲ್ಲಿ ಕಣ್ಣೂರಿನಲ್ಲಿ ‘ಕೇರಳ ದಿನೇಶ್ ಬೀಡಿ’ ಕಾರ್ಮಿಕರ ಕೇಂದ್ರ ಸಹಕಾರ ಸಂಘ ನೋಂದಣಿಯಾಯಿತು. ಪಾಲು ಬಂಡವಾಳಕ್ಕೆ ಸರ್ಕಾರ ಸಾಲದ ನೆರವಿತ್ತಿತು. ಪ್ರಾಥಮಿಕ ಸಂಘಗಳ ಆಡಳಿತ ಮಂಡಳಿಗಳಲ್ಲಿ ಕಾರ್ಮಿಕರು ಆರಿಸಿದ ನಿರ್ದೇಶಕರಿಗೇ ಬಹುಮತವಿತ್ತು. ಕನಿಷ್ಠ ವೇತನ, ಭವಿಷ್ಯನಿಧಿ, ರಜೆ, ಹೆರಿಗೆ ಸೌಲಭ್ಯಗಳನ್ನು ಕೊಟ್ಟೂ ಉದ್ಯಮ ನಡೆಸಬಹುದೆಂದು ಅದು ತೋರಿಸಿಕೊಟ್ಟಿತು. 1980ರ ದಶಕದಲ್ಲಿ ಅಲ್ಲಿ ದುಡಿಯುವವರ ಸಂಖ್ಯೆ 40,000ವನ್ನು ಮೀರಿತ್ತು.

ಈ ಯಶಸ್ಸಿಗೆ ಇದ್ದ ಮಿತಿಯನ್ನೂ ಗುರುತಿಸಬೇಕು. ಕೇರಳದಲ್ಲಿ ನ್ಯಾಯವಾದ ಕೂಲಿಗೆ ಕಟ್ಟಿದ ಬೀಡಿಯು, ಗಡಿಯಾಚೆ ಮನೆಗಳಲ್ಲಿ ಕಡಿಮೆ ಕೂಲಿಗೆ ಕಟ್ಟಿದ ಬೀಡಿಯೊಡನೆ ಒಂದೇ ಅಂಗಡಿಯಲ್ಲಿ ಪೈಪೋಟಿ ನಡೆಸಬೇಕಾಯಿತು. ಸರಕಿಗೆ ಗಡಿಯಿರಲಿಲ್ಲ, ಹಕ್ಕಿಗೆ ಮಾತ್ರ ಗಡಿಯಿತ್ತು. ಧೂಮಪಾನವೂ ಇಳಿಮುಖವಾದಾಗ ಸಹಕಾರ ಸಂಘವು ಆಹಾರ ಪದಾರ್ಥ, ಕೊಡೆ, ಉಡುಪುಗಳ ತಯಾರಿಕೆಗೆ ಹೊರಳಬೇಕಾಯಿತು. ಒಂದು ರಾಜ್ಯದೊಳಗಿನ ಸಂಘಟನೆ ಎಷ್ಟೇ ಬಲವಾಗಿದ್ದರೂ ನೆರೆಯ ರಾಜ್ಯದ ಕಾರ್ಮಿಕ ಇಲಾಖೆ ಸೊರಗಿದ್ದರೆ ಆ ಬಲ ಸೋರಿಹೋಗುತ್ತದೆ. ಕಾರ್ಮಿಕ ತಪಾಸಣೆಯನ್ನೂ ಆಸ್ಪತ್ರೆ, ಶಾಲೆಗಳಂತೆ ಒಂದು ಸಾರ್ವಜನಿಕ ಸೇವೆಯೆಂದೇ ಪರಿಗಣಿಸಬೇಕಾದುದು ಈ ಕಾರಣಕ್ಕೆ. 1976ರ ಕಾಯಿದೆಗಳು ಬೀಡಿಯ ಮೇಲಿನ ಸೆಸ್ಸಿನಿಂದ ಕಲ್ಯಾಣ ನಿಧಿಯನ್ನು ಸ್ಥಾಪಿಸಿ, ಚಿಕಿತ್ಸೆ, ವಸತಿ ಮತ್ತು ಮಕ್ಕಳ ವಿದ್ಯಾರ್ಥಿವೇತನಕ್ಕೆ ಆಧಾರ ಒದಗಿಸಿದ್ದವು. 2017ರಲ್ಲಿ ಜಿಎಸ್‌ಟಿ ಜಾರಿಯೊಡನೆ ಆ ಸೆಸ್ ರದ್ದಾಯಿತು. 1966ರ ಕಾಯಿದೆಯನ್ನು ಕೂಡ 2020ರ ವೃತ್ತಿ ಸುರಕ್ಷತೆ ಸಂಹಿತೆಯಲ್ಲಿ ವಿಲೀನಗೊಳಿಸಲಾಗಿದೆ. ಹೀಗೆ ಸಂಘಗಳು ರಕ್ಷಿಸಬೇಕಾದುದು ಕೂಲಿಯ ದರವನ್ನಷ್ಟೇ ಅಲ್ಲ, ಆ ದರದ ಹಿಂದೆ ನಿಲ್ಲುವ ಸಾರ್ವಜನಿಕ ವ್ಯವಸ್ಥೆಯನ್ನು ಕೂಡ.

ಭಾಷಿಕ ಅಲ್ಪಸಂಖ್ಯಾತರಿಗೆ ಈ ಮಾತು ಇನ್ನಷ್ಟು ಸಲ್ಲುತ್ತದೆ. ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಕೊಟ್ಟಿದೆ. ಮನೆಯಲ್ಲಿ ತುಳುವನ್ನೋ ಕನ್ನಡವನ್ನೋ ಆಡುತ್ತ, ಮಲಯಾಳದ ನಮೂನೆಗೆ ಸಹಿ ಹಾಕಬೇಕಾದ ಕಾರ್ಮಿಕ ಮಹಿಳೆಗೆ ಭಾಷೆಯ ಹಕ್ಕು ಮತ್ತು ಭವಿಷ್ಯನಿಧಿಯ ಹಕ್ಕು ಎರಡಲ್ಲ. ಓದಲಾಗದ ನಮೂನೆಯಲ್ಲಿರುವ ಸೌಲಭ್ಯ ಅವಳ ಪಾಲಿಗೆ ಇದ್ದೂ ಇಲ್ಲದಂತೆ.

ಕಯ್ಯೂರಿನ ರೈತಹೋರಾಟವನ್ನು ನಿರಂಜನರ ‘ಚಿರಸ್ಮರಣೆ’ ಕನ್ನಡದ ನೆನಪಿನಲ್ಲಿ ನೆಲೆಗೊಳಿಸಿತು. ಬೀಡಿ ಕಾರ್ಮಿಕರ ಚರಿತ್ರೆಗೆ ಅಂತಹ ಭಾಗ್ಯ ಒದಗಿಲ್ಲ. ಅದರ ಸಾಮಗ್ರಿ ಗಡಿಯ ಎರಡೂ ಬದಿಗಳಲ್ಲಿ, ಮೂರು ಭಾಷೆಗಳಲ್ಲಿ ಹರಡಿದೆ: ಸಂಘಗಳ ಕರಪತ್ರ, ಕೂಲಿಯ ಪಾಸ್‌ಪುಸ್ತಕ, ವೃದ್ಧ ಕಾರ್ಮಿಕರ ಮಾತು. ಇವುಗಳನ್ನು ಒಟ್ಟಿಗೆ ಇಟ್ಟು ಓದಬಲ್ಲವರು ದ್ವಿಭಾಷಿಕ ವಿದ್ವಾಂಸರೇ. 1968ರಲ್ಲಿ ಕೆಲಸ ಕಳೆದುಕೊಂಡವರ ಪೀಳಿಗೆ ಕಣ್ಮರೆಯಾಗುವ ಮುನ್ನ ಈ ಕೆಲಸ ಆರಂಭವಾಗಬೇಕು.